ಯಕೃತ್ತಿನ ಶಸ್ತ್ರಕ್ರಿಯೆಯಲ್ಲಿ ರಕ್ತಸ್ರಾವ ನಿಗ್ರಹ: ಒಂದು ಐತಿಹಾಸಿಕ ವಿಮರ್ಶೆ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ದೇಹದ ಸ್ರೋತಸ್ಸುಗಳನ್ನು ಎಣಿಸುವಾಗ, ರಕ್ತವನ್ನು ಒಯ್ಯುವ ಸ್ರೋತಸ್ಸುಗಳಿಗೆ ಯಕೃತ್ತು ಮತ್ತು ಪ್ಲೀಹಗಳೇ ಮೂಲವೆಂದು ಹೇಳಿದೆ. ಗ್ರೀಕ್ ವೈದ್ಯ ಗ್ಯಾಲೆನ್ನರೂ ಆಹಾರದ ಸಾರವು ಯಕೃತ್ತಿನಲ್ಲಿಯೇ ರಕ್ತವಾಗಿ ಪರಿಣಮಿಸುತ್ತದೆಂದು ನಂಬಿದ್ದರು. 1628ರಲ್ಲಿ ಹಾರ್ವೆಯವರು ರಕ್ತಪರಿಚಲನೆಯ ತತ್ತ್ವವನ್ನು ಪ್ರಕಟಿಸಿದ ಮೇಲೆ ಈ ಮತಕ್ಕೆ ಶಾಸ್ತ್ರದಲ್ಲಿ ನೆಲೆಯಿಲ್ಲದೆ ಹೋಯಿತು. ಆದರೆ ಶಸ್ತ್ರವೈದ್ಯನ ಅನುಭವವು ಹಳೆಯ ಮತವನ್ನೇ ಸಮರ್ಥಿಸುವಂತಿತ್ತು. ಯಕೃತ್ತಿಗೆ ಕತ್ತಿ ತಗುಲಿಸಿದವನಿಗೆ ಅದು ರಕ್ತದ ಬುಗ್ಗೆಯಾಗಿಯೇ ಕಂಡಿತು. ವಿಶ್ರಾಂತಿಯಲ್ಲಿರುವ ಮನುಷ್ಯನ ಹೃದಯವು ಹೊರಹಾಕುವ ರಕ್ತದಲ್ಲಿ ಕಾಲುಭಾಗದಷ್ಟು, ಎಂದರೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು, ಈ ಒಂದೇ ಅಂಗದ ಮೂಲಕ ಹಾದುಹೋಗುತ್ತದೆಂಬುದನ್ನು ನೆನೆದರೆ ಆ ಭಯ ಅಕಾರಣವಾದುದಲ್ಲವೆಂದು ವಾಚಕರು ಒಪ್ಪುವರು.

ಅಮೆರಿಕದ ಅನೇಕ ಆಸ್ಪತ್ರೆಗಳ ದಾಖಲೆಗಳನ್ನು ಕಲೆಹಾಕಿ ಫಾಸ್ಟರ್ ಮತ್ತು ಬರ್ಮನ್ನರು 1977ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಯಕೃತ್ತಿನ ದೊಡ್ಡ ಭಾಗವನ್ನು ಕತ್ತರಿಸಿ ತೆಗೆದ ರೋಗಿಗಳಲ್ಲಿ ಸುಮಾರು ಐವರಲ್ಲೊಬ್ಬರು ಶಸ್ತ್ರಕ್ರಿಯೆಯ ಫಲವಾಗಿ ತೀರಿಕೊಳ್ಳುತ್ತಿದ್ದರೆಂದು ತಿಳಿದುಬರುತ್ತದೆ. 2002ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯವರು, ಅದಕ್ಕೆ ಹಿಂದಿನ ಒಂದು ದಶಕದಲ್ಲಿ ತಾವು ಒಂದಾದ ಮೇಲೊಂದರಂತೆ ನಡೆಸಿದ 1,803 ಯಕೃತ್ ಛೇದನಗಳ ಲೆಕ್ಕವನ್ನು ಮುಂದಿಟ್ಟರು. ಅಲ್ಲಿ ಮರಣಪ್ರಮಾಣ ನೂರಕ್ಕೆ 3.1. ಮರುವರ್ಷ ತೋಕಿಯೋದಿಂದ, ಎಂಟು ವರ್ಷಗಳಲ್ಲಿ 1,056 ಛೇದನಗಳು ನಡೆದು ಒಂದು ಮರಣವೂ ಸಂಭವಿಸಲಿಲ್ಲವೆಂಬ ವರದಿ ಬಂದಿತು. ಕಾಲು ಶತಮಾನದಲ್ಲಿ ಇಂತಹ ಪರಿವರ್ತನೆಯನ್ನು ಕಂಡ ಶಸ್ತ್ರಕ್ರಿಯೆಗಳು ವಿರಳ. ಈ ಪರಿವರ್ತನೆಗೆ ಕಾರಣವೇನು? ಉಪಕರಣಗಳ ಸುಧಾರಣೆಯೆಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ದಾಖಲೆಗಳನ್ನು ಕಾಲಾನುಕ್ರಮವಾಗಿ ಓದಿದಾಗ ನಮಗೆ ಈ ಉತ್ತರ ತೃಪ್ತಿಕರವಾಗಿ ತೋರಲಿಲ್ಲ. ನಾವು ವೈದ್ಯರಲ್ಲ, ಇತಿಹಾಸದ ವಿದ್ಯಾರ್ಥಿಗಳು; ಆದುದರಿಂದ ಚಿಕಿತ್ಸೆಯ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಒಂದು ಭಾವನೆ ಹೇಗೆ ಹುಟ್ಟಿತು, ಎಷ್ಟು ಕಾಲ ಅಡ್ಡಿಯಾಗಿ ನಿಂತಿತು, ಹೇಗೆ ಕರಗಿತು ಎಂಬುದನ್ನು ಪರಿಶೀಲಿಸುವುದಷ್ಟೇ ನಮ್ಮ ಕೆಲಸ.

ಮೊದಲು ಅಂಗರಚನೆಯ ವಿಷಯವಾಗಿ ನಾಲ್ಕು ಮಾತು ಅವಶ್ಯಕ. ಯಕೃತ್ತಿಗೆ ರಕ್ತವನ್ನು ತರುವ ನಾಳಗಳು ಎರಡು. ಒಂದು ಹೃದಯದ ಕಡೆಯಿಂದ ಶುದ್ಧರಕ್ತವನ್ನು ತರುವ ಯಕೃತ್ ಧಮನಿ. ಇನ್ನೊಂದು ಕರುಳುಗಳಿಂದ ಆಹಾರಸಾರದೊಡನೆ ಬರುವ ಪೋರ್ಟಲ್ ಸಿರೆ. ಬರುವ ರಕ್ತದಲ್ಲಿ ಮುಕ್ಕಾಲು ಪಾಲಿನಷ್ಟನ್ನು ತರುವುದು ಈ ಸಿರೆಯೇ. ಇವೆರಡೂ ಪಿತ್ತನಾಳದೊಡನೆ ಸೇರಿ ಒಂದು ತೆಳುವಾದ ಮಡಿಕೆಯೊಳಗೆ, ಒಂದೇ ಕಂತೆಯಾಗಿ, ಯಕೃತ್ತಿನ ಅಡಿಯಿಂದ ಒಳಹೊಗುತ್ತವೆ. ಹೊರಹೋಗುವ ದಾರಿ ಬೇರೆ. ಮೂರು ದೊಡ್ಡ ಯಕೃತ್ ಸಿರೆಗಳು ಅಂಗದ ಹಿಂಭಾಗದಲ್ಲಿ, ವಪೆಯ ಕೆಳಗೆ, ಕೈಗೆ ಸುಲಭವಾಗಿ ಸಿಕ್ಕದ ಜಾಗದಲ್ಲಿ ಅಧೋ ಮಹಾಸಿರೆಯನ್ನು ಸೇರುತ್ತವೆ. ಅಲ್ಲಿಂದ ಹೃದಯಕ್ಕೆ ಕೆಲವೇ ಅಂಗುಲಗಳ ದೂರ. ಈ ಸಿರೆಗಳಲ್ಲಿ ಕವಾಟಗಳಿಲ್ಲ. ಹೀಗೆ ಯಕೃತ್ತಿಗೆ ಮುಂಬಾಗಿಲು ಒಂದು, ಹಿಂಬಾಗಿಲು ಒಂದು. ಈ ಪ್ರಬಂಧದಲ್ಲಿ ಮುಂದೆ ಬರುವುದೆಲ್ಲವೂ ಈ ಎರಡು ಬಾಗಿಲುಗಳ ಕಥೆಯೇ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅರಿವಳಿಕೆಯೂ ಪೂತಿನಾಶಕ ಕ್ರಮವೂ ಬಳಕೆಗೆ ಬಂದು, ಹೊಟ್ಟೆಯನ್ನು ತೆರೆಯುವುದು ಸಾಹಸವಾಗಿ ಉಳಿಯಲಿಲ್ಲ. 1882ರಲ್ಲಿ ಪಿತ್ತಕೋಶವನ್ನು ಮೊದಲ ಬಾರಿಗೆ ಯಶಸ್ವಿಯಾಗಿ ತೆಗೆದ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ಖರೇ 1888ರಲ್ಲಿ ಒಬ್ಬ ಮಹಿಳೆಯ ಯಕೃತ್ತಿನ ಎಡಭಾಗದಿಂದ 370 ಗ್ರಾಮ್ ತೂಕದ ಗಡ್ಡೆಯನ್ನು ಕತ್ತರಿಸಿ ತೆಗೆದರು. ಬುಡವನ್ನು ದಾರದಿಂದ ಬಿಗಿದು ಕಟ್ಟಿದ್ದರೂ ಕೆಲವು ಗಂಟೆಗಳ ಅನಂತರ ರಕ್ತಸ್ರಾವ ಮರುಕಳಿಸಿತು. ಮತ್ತೆ ಹೊಟ್ಟೆಯನ್ನು ತೆರೆದು ನಾಳವನ್ನು ಕಟ್ಟಬೇಕಾಯಿತು. ಆಕೆ ಬದುಕಿದಳು. ಯೋಜಿಸಿ ಮಾಡಿದ ಯಕೃತ್ ಛೇದನಗಳಲ್ಲಿ ಯಶಸ್ವಿಯಾದ ಮೊದಲನೆಯದೆಂದು ಇದನ್ನು ಎಣಿಸುವುದು ವಾಡಿಕೆ.

ಆ ಕಾಲದ ಉಪಾಯಗಳೆಲ್ಲವೂ ಗಾಯದ ಮೈಯನ್ನೇ ಕುರಿತವು. ಕಾದ ಕಬ್ಬಿಣದಿಂದ ಸುಡುವುದು, ಬಟ್ಟೆಯನ್ನು ಒತ್ತಿ ತುರುಕುವುದು, ದಪ್ಪ ದಾರದಿಂದ ಹೊಲಿಯುವುದು. ಹೊಲಿಗೆಯಲ್ಲಿ ಒಂದು ತೊಡಕಿತ್ತು. ಯಕೃತ್ತಿನ ಮಾಂಸ ಎಷ್ಟು ಮೃದುವೆಂದರೆ ಬಿಗಿದ ದಾರ ಬೆಣ್ಣೆಯನ್ನು ಕೊಯ್ಯುವಂತೆ ಅದನ್ನು ಕೊಯ್ದು ಹೊರಬರುತ್ತಿತ್ತು. ರಷ್ಯದ ಕುಜ್ನೆಟ್ಸಾಫ್ ಮತ್ತು ಪೆನ್‌ಸ್ಕಿಯವರು 1896ರಲ್ಲಿ, ಮೊಂಡು ಸೂಜಿಯಿಂದ ಯಕೃತ್ತಿನ ಪೂರ್ಣ ದಪ್ಪವನ್ನು ಹಾದು ಒಂದರೊಳಗೊಂದು ಸೇರುವಂತೆ ಹೊಲಿಗೆ ಹಾಕುವ ಕ್ರಮವನ್ನು ಪ್ರಕಟಿಸಿದರು. ಫಿಲಡೆಲ್ಫಿಯದ ಕೀನ್ ಅವರು 1899ರಲ್ಲಿ ತಮ್ಮ ಅನುಭವದೊಡನೆ ಅಂದಿನವರೆಗೆ ವರದಿಯಾಗಿದ್ದ 76 ಪ್ರಸಂಗಗಳ ಪಟ್ಟಿಯನ್ನು ಕೊಟ್ಟರು. ಇಡೀ ಜಗತ್ತಿನ ಅನುಭವ ಒಂದು ಲೇಖನದ ಕೋಷ್ಟಕದಲ್ಲಿ ಅಡಗುವಷ್ಟು ಕಿರಿದಾಗಿತ್ತು.

ರಕ್ತವು ಗಾಯದಲ್ಲಿ ಕಾಣಿಸಿಕೊಂಡ ಮೇಲೆ ಅದನ್ನು ತಡೆಯುವ ಬದಲು, ಬರುವ ದಾರಿಯಲ್ಲಿಯೇ ಏಕೆ ತಡೆಯಬಾರದು? ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟವರು ಜೇಮ್ಸ್ ಹೊಗಾರ್ತ್ ಪ್ರಿಂಗಲ್. ಆಸ್ಟ್ರೇಲಿಯದಲ್ಲಿ 1863ರಲ್ಲಿ ಹುಟ್ಟಿ, ಸ್ಕಾಟ್ಲೆಂಡಿನಲ್ಲಿ ಓದಿ, ಗ್ಲಾಸ್ಗೋ ನಗರದ ರಾಯಲ್ ಇನ್‌ಫರ್ಮರಿಯಲ್ಲಿ ಶಸ್ತ್ರವೈದ್ಯರಾಗಿದ್ದವರು. ಲಿಸ್ಟರರು ಪೂತಿನಾಶಕ ಕ್ರಮವನ್ನು ಮೊದಲು ಪ್ರಯೋಗಿಸಿದ್ದು ಅದೇ ಆಸ್ಪತ್ರೆಯಲ್ಲಿ. ಕಾರ್ಖಾನೆಗಳೂ ಹಡಗುಕಟ್ಟೆಗಳೂ ತುಂಬಿದ್ದ ಆ ಊರಿನಲ್ಲಿ ಅಪಘಾತಗಳಿಗೆ ಕೊರತೆಯಿರಲಿಲ್ಲ. ಯಕೃತ್ತು ಒಡೆದು ಬಂದ ರೋಗಿಗಳನ್ನು ಕುರಿತು ಪ್ರಿಂಗಲ್ಲರು 1908ರಲ್ಲಿ ಒಂದು ಸಣ್ಣ ಲೇಖನವನ್ನು ಬರೆದರು. ಅದರಲ್ಲಿ ಅವರು ವಿವರಿಸಿದ ರೋಗಿಗಳು ಎಂಟು ಮಂದಿ. ನಾಲ್ವರಿಗೆ ಶಸ್ತ್ರಕ್ರಿಯೆ ನಡೆಯಲೇ ಇಲ್ಲ. ಉಳಿದ ನಾಲ್ವರನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆಯನ್ನು ತೆರೆದರು. ಎಂಟು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಆದರೂ ಆ ಕೆಲವು ನಿಮಿಷಗಳಲ್ಲಿ ಅವರು ಒಂದನ್ನು ಕಂಡಿದ್ದರು. ಮೇಲೆ ಹೇಳಿದ ನಾಳಗಳ ಕಂತೆಯ ಹಿಂದೆ ಒಂದು ಸಹಜವಾದ ರಂಧ್ರವಿದೆ. ಅದರೊಳಗೆ ತೋರುಬೆರಳನ್ನು ತೂರಿಸಿ, ಮುಂದುಗಡೆ ಹೆಬ್ಬೆರಳನ್ನಿಟ್ಟು ಕಂತೆಯನ್ನು ಒತ್ತಿ ಹಿಡಿದರೆ ಧಾರೆಯಾಗಿ ಹರಿಯುತ್ತಿದ್ದ ರಕ್ತ ನಿಲ್ಲುತ್ತದೆ. ಹೆಪ್ಪುಗಳನ್ನು ತೆಗೆದು, ಗಾಯವನ್ನು ಕಣ್ಣಿಂದ ನೋಡಿ, ನಾಳಗಳನ್ನು ಕಟ್ಟಲು ಅವಕಾಶ ದೊರೆಯುತ್ತದೆ. ರೋಗಿಗಳು ಉಳಿಯದಿದ್ದುದರಿಂದ ಪ್ರಿಂಗಲ್ಲರು ಮೊಲಗಳ ಮೇಲೆ ಅದೇ ಪ್ರಯೋಗವನ್ನು ನಡೆಸಿದರು. ಅಲ್ಲಿ ಫಲ ಉತ್ತಮವಾಗಿತ್ತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯಕೃತ್ತಿನ ಶಸ್ತ್ರಕ್ರಿಯೆ ನಡೆದರೂ 'ಪ್ರಿಂಗಲ್ ಕ್ರಮ' ಎಂಬ ಮಾತು ಕೇಳಿಬರುತ್ತದೆ. ಒಬ್ಬ ರೋಗಿಯೂ ಬದುಕದ ವರದಿಯಿಂದ ಇಷ್ಟು ಕೀರ್ತಿ ಬಂದ ಇನ್ನೊಂದು ಉದಾಹರಣೆ ನಮಗೆ ತಿಳಿದಿಲ್ಲ. ವಿಫಲವಾದುದನ್ನು ಮರೆಮಾಚದೆ ಬರೆದು ಅಚ್ಚುಹಾಕಿಸಿದ್ದು ಸಾಮಾನ್ಯ ಸಂಗತಿಯಲ್ಲ. ಗೆದ್ದವರ ಪಟ್ಟಿಯನ್ನೇ ವೈದ್ಯಶಾಸ್ತ್ರದ ಇತಿಹಾಸವೆಂದು ಬರೆಯುವವರು ಈ ಲೇಖನವನ್ನೊಮ್ಮೆ ಗಮನಿಸಬೇಕು.

ಎಷ್ಟು ಹೊತ್ತು ಹಿಡಿದಿರಬಹುದು? ಈ ಪ್ರಶ್ನೆಯ ಚರಿತ್ರೆ ವಿಚಿತ್ರವಾಗಿದೆ. ನಾಯಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಸುಮಾರು ಇಪ್ಪತ್ತು ನಿಮಿಷ ಮೀರಿದರೆ ಪ್ರಾಣಿ ಬದುಕುವುದು ಕಷ್ಟವೆಂದು ಕಂಡುಬಂದಿತು. ರಾಫುಚ್ಚಿಯವರ 1953ರ ಪ್ರಯೋಗಗಳು ಇದಕ್ಕೆ ಪ್ರಮಾಣವಾದುವು. ಹಾಗಾಗಿ ಮನುಷ್ಯನಿಗೂ ಹದಿನೈದು ಇಪ್ಪತ್ತು ನಿಮಿಷಗಳ ಮಿತಿ ಸೂತ್ರಪ್ರಾಯವಾಗಿ ನಿಂತಿತು. ನಾಯಿಯ ಯಕೃತ್ತಿನ ಸ್ವಭಾವವೇ ಬೇರೆಯೆಂಬುದಕ್ಕೆ ಆಗಲೇ ಸೂಚನೆಯಿತ್ತು. 1949ರಲ್ಲಿ ಮಾರ್ಕೊವಿಟ್ಸ್ ಮತ್ತು ಸಂಗಡಿಗರು, ಯಕೃತ್ ಧಮನಿಯನ್ನು ಕಟ್ಟಿದ ನಾಯಿಗಳಿಗೆ ಪೆನಿಸಿಲಿನ್ ಕೊಟ್ಟರೆ ಅವು ಬದುಕುತ್ತವೆಂದು ತೋರಿಸಿದ್ದರು. ಕೊಲ್ಲುತ್ತಿದ್ದುದು ರಕ್ತದ ಅಭಾವವೊಂದೇ ಅಲ್ಲ, ರೋಗಾಣುಗಳೂ ಹೌದು. ಆದರೂ ಸೂತ್ರ ಅಲುಗಲಿಲ್ಲ. ಫ್ರಾನ್ಸಿನ ಹ್ಯೂಗೆ ಮತ್ತು ಸಹೋದ್ಯೋಗಿಗಳು 1978ರಲ್ಲಿ, ಮನುಷ್ಯನ ಆರೋಗ್ಯವಂತ ಯಕೃತ್ತು ದೇಹದ ಸಹಜ ಉಷ್ಣತೆಯಲ್ಲಿಯೇ ಒಂದು ಗಂಟೆಯವರೆಗೂ ರಕ್ತವಿಲ್ಲದೆ ತಾಳಬಲ್ಲುದೆಂದು ವರದಿ ಮಾಡಿದರು. ಅಂದರೆ ಕಾಲು ಶತಮಾನದ ಕಾಲ ಶಸ್ತ್ರವೈದ್ಯರು ಮನುಷ್ಯನ ಹೊಟ್ಟೆಯನ್ನು ತೆರೆದಿಟ್ಟುಕೊಂಡು ನಾಯಿಯ ಗಡಿಯಾರವನ್ನು ನೋಡುತ್ತಿದ್ದರು. ಅವಸರದಲ್ಲಿ ಕತ್ತರಿಸಿದುದರಿಂದ ಎಷ್ಟು ರಕ್ತ ವ್ಯರ್ಥವಾಯಿತೆಂಬುದಕ್ಕೆ ಲೆಕ್ಕವಿಲ್ಲ.

ಇಷ್ಟರಲ್ಲಿ ಅಂಗರಚನಾಶಾಸ್ತ್ರವು ಇನ್ನೊಂದು ದಾರಿಯನ್ನು ತೆರೆದಿತ್ತು. ಯಕೃತ್ತಿನ ಹೊರಮೈಯಲ್ಲಿ ಕಾಣುವ ಎಡಬಲ ವಿಭಾಗ ಒಳಗಿನ ನಾಳಗಳ ವಿಭಾಗಕ್ಕೆ ಹೊಂದುವುದಿಲ್ಲ. ನಿಜವಾದ ಗಡಿ ಪಿತ್ತಕೋಶದಿಂದ ಮಹಾಸಿರೆಯ ಕಡೆಗೆ ಎಳೆದ ರೇಖೆಯಲ್ಲಿದೆಯೆಂದು ಜೇಮ್ಸ್ ಕ್ಯಾಂಟ್ಲಿಯವರು 1897ರಲ್ಲಿ ಪ್ರತಿಪಾದಿಸಿದರು. ಇವರು ಹಾಂಗ್‌ಕಾಂಗಿನಲ್ಲಿ ಸುನ್ ಯಾತ್-ಸೇನರಿಗೆ ಗುರುಗಳಾಗಿದ್ದವರು. 1896ರಲ್ಲಿ ಲಂಡನ್ನಿನ ಚೀನೀ ರಾಯಭಾರ ಕಚೇರಿಯಲ್ಲಿ ಬಂಧಿತರಾಗಿದ್ದ ಆ ಶಿಷ್ಯನನ್ನು ಬಿಡಿಸಿದವರು. ರಾಜಕೀಯ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತರಾದ ಕ್ಯಾಂಟ್ಲಿಯವರೇ ಇವರು. ಜರ್ಮನಿಯ ವೆಂಡೆಲ್ಲರು 1911ರಲ್ಲಿ ಪ್ರಕಟಿಸಿದ ಬಲಭಾಗದ ಛೇದನದಲ್ಲಿ ಈ ರೇಖೆಯನ್ನು ಅನುಸರಿಸಿದರು. ಆಮೇಲೆ ನಾಲ್ಕು ದಶಕಗಳ ಕಾಲ ಇದರ ಪ್ರಯೋಜನವನ್ನು ಪಡೆದವರು ಕೆಲವರೇ.

ಆ ಕೆಲವರಲ್ಲಿ ಒಬ್ಬರನ್ನು ಕುರಿತು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಪಾಶ್ಚಾತ್ಯರು ಬರೆದ ಇತಿಹಾಸಗಳಲ್ಲಿ ಇವರಿಗೆ ದೊರೆತಿರುವ ಸ್ಥಳ ಇವರ ಯೋಗ್ಯತೆಗೆ ತಕ್ಕುದಲ್ಲವೆಂದು ನಮ್ಮ ಭಾವನೆ. 1912ರಲ್ಲಿ ಹುಟ್ಟಿದ ವಿಯೆಟ್ನಾಮಿನ ತೋನ್ ಥಾಟ್ ತುಂಗರು ಹನೋಯಿಯ ವೈದ್ಯಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಆ ದೇಶವಿನ್ನೂ ಫ್ರೆಂಚರ ಅಧೀನದಲ್ಲಿತ್ತು. ಶವಗಳಿಂದ ತೆಗೆದ ಇನ್ನೂರಕ್ಕೂ ಮಿಕ್ಕ ಯಕೃತ್ತುಗಳನ್ನು ಅವರು ಒಂದೊಂದಾಗಿ ಬಿಡಿಸಿ ನಾಳಗಳ ಹಾದಿಯನ್ನು ಗುರುತಿಸಿದರು. ಉಕ್ಕಿನ ಉಪಕರಣದಿಂದ ಮೃದುಮಾಂಸವನ್ನು ಕೆರೆದು ನಾಳಗಳನ್ನು ಉಳಿಸುವುದು ಆ ಕೆಲಸದ ಕ್ರಮ. ಯಕೃತ್ತಿನ ಸಿರೆಗಳನ್ನು ಕುರಿತ ಅವರ ಪ್ರೌಢಪ್ರಬಂಧ 1939ರಲ್ಲಿ ಹೊರಬಂದಿತು. ಅದೇ ವರ್ಷ ಗುರುಗಳಾದ ಮೆಯರ್-ಮೇಯವರೊಡನೆ, ನಾಳಗಳನ್ನು ಯಕೃತ್ತಿನ ಒಳಗಡೆಯೇ ಹುಡುಕಿ ಕಟ್ಟಿ ಒಂದು ಭಾಗವನ್ನು ತೆಗೆದ ವರದಿಯನ್ನೂ ಪ್ರಕಟಿಸಿದರು. ಬಳಿಕ ಯುದ್ಧ, ಸ್ವಾತಂತ್ರ್ಯಸಂಗ್ರಾಮ, ಕಾಡಿನ ನಡುವಣ ಆಸ್ಪತ್ರೆಗಳು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 1963ರಲ್ಲಿ, ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರ ಹೊಸ ಕ್ರಮವನ್ನು ಕುರಿತ ಸಣ್ಣ ಲೇಖನ ಕಾಣಿಸಿಕೊಂಡಿತು.

ಅವರ ಕ್ರಮವು ಸರಳವಾದುದು. ಪ್ರಿಂಗಲ್ಲರಂತೆ ಮುಂಬಾಗಿಲನ್ನು ಮುಚ್ಚುವುದು. ಅನಂತರ ಕತ್ತಿಯನ್ನು ಬಳಸದೆ ಬೆರಳುಗಳಿಂದಲೇ ಯಕೃತ್ತನ್ನು ಗಡಿರೇಖೆಯಲ್ಲಿ ಹಿಸುಕುತ್ತ ಹೋಗುವುದು. ಹಣ್ಣಾದ ಹುಣಸೆಯನ್ನು ಹಿಸುಕಿದಾಗ ತಿರುಳು ಕರಗಿ ನಾರು ಕೈಗೆ ಸಿಕ್ಕುವಂತೆ, ಮೃದುಮಾಂಸ ಪುಡಿಯಾಗಿ ಗಟ್ಟಿಯಾದ ನಾಳಗಳು ಎಳೆಗಳಾಗಿ ಉಳಿಯುತ್ತವೆ. ಅವುಗಳನ್ನು ಒಂದೊಂದಾಗಿ ಹಿಡಿದು ಕಟ್ಟಿ ಕತ್ತರಿಸುವುದು. ಎಲ್ಲವೂ ಕೆಲವೇ ನಿಮಿಷಗಳ ಕೆಲಸ. ಶವಾಗಾರದಲ್ಲಿ ವರ್ಷಗಟ್ಟಲೆ ನಡೆಸಿದ ಕೆರೆತವೇ ಜೀವಂತ ರೋಗಿಯ ಚಿಕಿತ್ಸೆಯಾಗಿ ಮಾರ್ಪಟ್ಟಿತು. ತೈವಾನಿನ ಲಿನ್ ತಿಯೆನ್-ಯು ಅವರೂ ಬೆರಳಿನಿಂದ ಒಡೆಯುವ ಕ್ರಮವನ್ನು 1958ರಲ್ಲಿಯೇ ಪ್ರಕಟಿಸಿದ್ದರು.

ಯೂರೋಪಿನಲ್ಲಿ ಬೆಳೆದ ಕ್ರಮ ಇದಕ್ಕೆ ವಿರುದ್ಧವಾದುದು. ಪ್ಯಾರಿಸ್ಸಿನ ಲೋರ್ತಾ-ಜಾಕೋಬ್ ಮತ್ತು ರಾಬರ್ಟರು 1952ರಲ್ಲಿ ಎದೆಯನ್ನೂ ಹೊಟ್ಟೆಯನ್ನೂ ಒಟ್ಟಿಗೆ ತೆರೆದು, ಬಲಭಾಗಕ್ಕೆ ಬರುವ ಮತ್ತು ಅಲ್ಲಿಂದ ಹೋಗುವ ನಾಳಗಳನ್ನೆಲ್ಲ ಹೊರಗಡೆಯೇ ಕಟ್ಟಿ, ಆಮೇಲೆ ಮಾಂಸವನ್ನು ಕತ್ತರಿಸಿದರು. ಬಹುಕಾಲ ಇದನ್ನೇ ಕ್ರಮಬದ್ಧವಾದ ಮೊದಲ ಬಲಯಕೃತ್ ಛೇದನವೆಂದು ಬರೆಯಲಾಗುತ್ತಿತ್ತು. ಕ್ಯೋತೋ ನಗರದ ಹೊಂಜೊ ಅವರು ಅದನ್ನು 1949ರಲ್ಲಿಯೇ ಮಾಡಿದ್ದರು; ವರದಿ ಜಪಾನೀ ಭಾಷೆಯಲ್ಲಿದ್ದುದರಿಂದ 1955ರಲ್ಲಿ ಇಂಗ್ಲಿಷಿನಲ್ಲಿ ಬರುವವರೆಗೂ ಹೊರಗಿನವರಿಗೆ ತಿಳಿಯಲಿಲ್ಲ. ದೇಶಭಾಷೆಯಲ್ಲಿ ಬರೆದುದು ಲೋಕದ ಲೆಕ್ಕಕ್ಕೆ ಬಾರದಿರುವುದು ನಮಗೆ ಹೊಸ ಅನುಭವವೇನಲ್ಲ. ಆದರೂ ಪ್ಯಾರಿಸ್ಸಿನ ಶಸ್ತ್ರಕ್ರಿಯೆಯ ಮಹತ್ತ್ವವು ಮೊದಲಿಗರು ಯಾರೆಂಬ ವಾದವನ್ನು ಅವಲಂಬಿಸಿಲ್ಲ. ಹಿಂಬಾಗಿಲಿನಲ್ಲಿರುವ ಯಕೃತ್ ಸಿರೆಯನ್ನು ಮೊದಲೇ ಹಿಡಿಯಬೇಕೆಂಬ ವಿಚಾರ ಅಲ್ಲಿ ಸ್ಪಷ್ಟವಾಗಿ ರೂಪುಗೊಂಡಿತು. ಅದೇ ಊರಿನ ಕ್ವಿನೋ ಅವರು ಶವಗಳ ಯಕೃತ್ತಿನ ನಾಳಗಳಿಗೆ ರಾಳವನ್ನು ತುಂಬಿ ಅಚ್ಚುಗಳನ್ನು ತೆಗೆದು, 1957ರ ತಮ್ಮ ಗ್ರಂಥದಲ್ಲಿ ಅಂಗವನ್ನು ಎಂಟು ಖಂಡಗಳಾಗಿ ವಿಭಾಗಿಸಿದರು. ಆ ಎಂಟು ಅಂಕೆಗಳೇ ಇಂದಿಗೂ ಶಸ್ತ್ರವೈದ್ಯರ ಭಾಷೆ.

ಈಗ ನಾವು ಪ್ರಬಂಧದ ಮುಖ್ಯ ಸಮಸ್ಯೆಗೆ ಬಂದಿದ್ದೇವೆ. ಮುಂಬಾಗಿಲನ್ನು ಮುಚ್ಚುವ ಉಪಾಯ 1908ರಿಂದ ಇತ್ತು, ಗಡಿರೇಖೆಗಳ ಜ್ಞಾನ 1957ರ ಹೊತ್ತಿಗೆ ಪೂರ್ಣವಾಯಿತು, ರಕ್ತನಿಧಿಗಳೂ ಅಷ್ಟರಲ್ಲಿ ಬಂದಿದ್ದುವು. ಹಾಗಿದ್ದರೂ 1970ರ ದಶಕದಲ್ಲಿ ರೋಗಿಗಳು ಐವರಲ್ಲೊಬ್ಬರಂತೆ ಸಾಯುತ್ತಿದ್ದುದೇಕೆ? ಪ್ರಿಂಗಲ್ ಕ್ರಮವನ್ನು ಅನುಸರಿಸಿದವರೆಲ್ಲರೂ ಒಂದನ್ನು ಕಂಡಿದ್ದರು. ಕಂತೆಯನ್ನು ಎಷ್ಟೇ ಬಿಗಿಯಾಗಿ ಹಿಡಿದರೂ, ಕತ್ತರಿಸಿದ ಮೈಯಿಂದ ಕಪ್ಪಾದ ರಕ್ತ ಜಿನುಗುತ್ತಲೇ ಇರುತ್ತದೆ. ದೊಡ್ಡ ಸಿರೆಯೊಂದು ಹರಿದರೆ ಹೊಟ್ಟೆಯನ್ನೇ ತುಂಬುತ್ತದೆ. ಇದು ಕವಾಟವಿಲ್ಲದ ಯಕೃತ್ ಸಿರೆಗಳ ಮೂಲಕ ಮಹಾಸಿರೆಯಿಂದ ಹಿಮ್ಮರಳುವ ರಕ್ತ. ಗದ್ದೆಗೆ ನೀರು ತರುವ ಕಾಲುವೆಯ ತೂಬನ್ನು ಮುಚ್ಚಿದ್ದರೂ, ಕೆಳಗಣ ಕೆರೆ ಕೋಡಿಯ ಮಟ್ಟಕ್ಕೆ ತುಂಬಿದ್ದರೆ ಹಿನ್ನೀರು ಗದ್ದೆಗೆ ಹತ್ತದೆ ಬಿಡುವುದಿಲ್ಲ. ಗದ್ದೆಯಲ್ಲಿ ನಿಂತವನಿಗೆ ನೀರು ಕಾಣುತ್ತದೆಯೇ ಹೊರತು ಕೆರೆಯ ಮಟ್ಟ ಕಾಣುವುದಿಲ್ಲ.

ಹಿಂಬಾಗಿಲನ್ನೂ ಮುಚ್ಚುವ ಪ್ರಯತ್ನಗಳು ನಡೆಯದಿರಲಿಲ್ಲ. ಹೀನಿ ಮತ್ತು ಸಹಚರರು 1966ರಲ್ಲಿ ಕಂತೆಯನ್ನೂ, ಯಕೃತ್ತಿನ ಮೇಲೆಯೂ ಕೆಳಗೂ ಮಹಾಸಿರೆಯನ್ನೂ, ಅದರೊಡನೆ ಮಹಾಧಮನಿಯನ್ನೂ ಚಿಮುಟದಿಂದ ಹಿಡಿದು ಅಂಗವನ್ನು ಸಂಪೂರ್ಣವಾಗಿ ಬೇರ್ಪಡಿಸುವ ಕ್ರಮವನ್ನು ವಿವರಿಸಿದರು. ಮಹಾಸಿರೆಯನ್ನು ಕಟ್ಟಿದರೆ ದೇಹದ ಕೆಳಭಾಗದ ರಕ್ತ ಹೃದಯಕ್ಕೆ ಬರುವುದು ನಿಂತುಹೋಗುತ್ತದೆ; ಎಲ್ಲರ ಹೃದಯವೂ ಇದನ್ನು ತಾಳಲಾರದು. ಕೆಲವು ಕಠಿಣ ಪ್ರಸಂಗಗಳಲ್ಲಿ ಈ ಕ್ರಮ ಇಂದಿಗೂ ಉಳಿದಿದೆ. ಸಾಮಾನ್ಯ ಪ್ರಸಂಗಗಳಿಗೆ ಇದು ಉತ್ತರವಾಗಲಿಲ್ಲ.

ಉತ್ತರವಿದ್ದುದು ಮೇಜಿನ ತಲೆಯ ಕಡೆ, ಅರಿವಳಿಕೆ ವೈದ್ಯರ ಕೈಯಲ್ಲಿ. ಯಕೃತ್ತಿನ ಶಸ್ತ್ರಕ್ರಿಯೆಯೆಂದರೆ ಭಾರಿ ರಕ್ತಸ್ರಾವ ನಿಶ್ಚಿತವೆಂದು ತಿಳಿದಿದ್ದ ಅವರು, ಮೊದಲೇ ಲವಣಜಲವನ್ನೂ ರಕ್ತವನ್ನೂ ಧಾರಾಳವಾಗಿ ತುಂಬಿಸಿ ರೋಗಿಯನ್ನು ಸಿದ್ಧಗೊಳಿಸುತ್ತಿದ್ದರು. ಕಷ್ಟಕಾಲಕ್ಕೆ ಕೂಡಿಟ್ಟ ಧನದಂತೆ ಇದು ವಿವೇಕದ ಕೆಲಸವಾಗಿಯೇ ಕಾಣುತ್ತಿತ್ತು. ಹರಿದ ಸಿರೆಯೊಳಕ್ಕೆ ಗಾಳಿ ಹೊಕ್ಕು ಹೃದಯಕ್ಕೆ ಹೋದೀತೆಂಬ ಭಯಕ್ಕೂ ಸಿರೆಗಳು ತುಂಬಿರುವುದೇ ಲೇಸೆಂದು ಎಣಿಸಲಾಗಿತ್ತು. ಆದರೆ ತುಂಬಿದ ದ್ರವವೆಲ್ಲ ಸೇರುವುದು ಮಹಾಸಿರೆಯನ್ನು. ಅಲ್ಲಿ ಒತ್ತಡ ಏರಿದಷ್ಟೂ ಯಕೃತ್ ಸಿರೆಗಳ ಒತ್ತಡವೂ ಏರುತ್ತದೆ. ಒತ್ತಡ ಏರಿದಾಗ ಸಿರೆ ಉಬ್ಬುತ್ತದೆ. ಭೌತಶಾಸ್ತ್ರದ ಅಧ್ಯಾಪಕರು ಬಲ್ಲಂತೆ, ಪಾಸ್ವಿಯ ನಿಯಮದ ಪ್ರಕಾರ ನಾಳದಲ್ಲಿ ಹರಿಯುವ ಪ್ರಮಾಣವು ಒತ್ತಡಕ್ಕೆ ಅನುಗುಣವಾಗಿಯೂ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ಈ ನಿಯಮ ಗಾಯಗೊಂಡ ಸಿರೆಗೆ ಯಥಾವತ್ತಾಗಿ ಹೊಂದುವುದೆಂದು ನಾವು ಹೇಳುವುದಿಲ್ಲ. ಆದರೆ ಉಬ್ಬಿದ ಸಿರೆಯಲ್ಲಿ ಆದ ಗಾಯ ಏಕೆ ಅಷ್ಟು ಭಯಂಕರವೆಂಬುದನ್ನು ಇದು ತಿಳಿಸುತ್ತದೆ. ರಕ್ತಸ್ರಾವಕ್ಕೆ ಹೆದರಿ ಮಾಡಿಕೊಂಡ ಸಿದ್ಧತೆಯೇ ರಕ್ತಸ್ರಾವವನ್ನು ಹೆಚ್ಚಿಸುತ್ತಿತ್ತು. ಹೆಚ್ಚಾದುದನ್ನು ಕಂಡು ಇನ್ನಷ್ಟು ತುಂಬಿಸಲಾಗುತ್ತಿತ್ತು. ಇದರಲ್ಲಿ ಯಾರ ಅಜಾಗರೂಕತೆಯೂ ಇರಲಿಲ್ಲ. ಶಸ್ತ್ರವೈದ್ಯರು ಗಾಯವನ್ನು ನೋಡುತ್ತಿದ್ದರು, ಅರಿವಳಿಕೆ ವೈದ್ಯರು ಒತ್ತಡದ ಅಂಕೆಗಳನ್ನು ನೋಡುತ್ತಿದ್ದರು. ನಡುವೆ ಒಂದು ಪರದೆಯಿತ್ತು.

ಈ ಪರದೆ ಸರಿದುದು 1990ರ ದಶಕದಲ್ಲಿ. ಮೆಲ್ಬರ್ನ್ ನಗರದ ಜೋನ್ಸ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ನೂರು ರೋಗಿಗಳ ಅನುಭವವನ್ನು ಪ್ರಕಟಿಸಿದರು. ಮಹಾಸಿರೆಯ ಒತ್ತಡವು 5 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾಗಿ ಅಥವಾ ಅದಕ್ಕಿಂತ ಕಡಿಮೆಯಾಗಿದ್ದವರಲ್ಲಿ ರಕ್ತನಷ್ಟದ ಮಧ್ಯಮಾಂಕ 200 ಮಿಲಿಲೀಟರು. ಅದಕ್ಕಿಂತ ಹೆಚ್ಚು ಒತ್ತಡವಿದ್ದವರಲ್ಲಿ 1,000. ರಕ್ತಪೂರಣ ಬೇಕಾದವರು ಮೊದಲನೆಯ ಗುಂಪಿನಲ್ಲಿ ನೂರಕ್ಕೆ 5, ಎರಡನೆಯದರಲ್ಲಿ ನೂರಕ್ಕೆ 48. ಅದೇ ವರ್ಷ ನ್ಯೂಯಾರ್ಕಿನಿಂದ ಅರಿವಳಿಕೆ ವೈದ್ಯ ಮೆಲೆಂಡೆಸ್ ಮತ್ತು ಸಂಗಡಿಗರು 496 ಛೇದನಗಳ ವರದಿಯನ್ನು ಕೊಟ್ಟರು. ಯಕೃತ್ತಿನ ಭಾಗ ಹೊರಬರುವವರೆಗೆ ದ್ರವವನ್ನು ಅತ್ಯಲ್ಪವಾಗಿ ಕೊಡುವುದು. ಗಂಟೆಗೆ 25 ಮಿಲಿಲೀಟರಿನಷ್ಟು ಮೂತ್ರ ಬಂದರೆ ಸಾಕೆಂದು ತಾಳ್ಮೆಯಿಂದಿರುವುದು. ಗಾಳಿಯ ಭಯಕ್ಕೆ ಮೇಜಿನ ತಲೆಭಾಗವನ್ನು ಹದಿನೈದು ಡಿಗ್ರಿ ತಗ್ಗಿಸುವುದು. ಕೆಲಸ ಮುಗಿದ ಮೇಲೆ ಕೊರತೆಯನ್ನು ತುಂಬಿಕೊಡುವುದು. ಇದಕ್ಕೆ ಯಾವ ಹೊಸ ಯಂತ್ರವೂ ಬೇಕಾಗಿರಲಿಲ್ಲ. ಮೂತ್ರಪಿಂಡಗಳು ಕೆಡುವುವೆಂದು ಅಂಜಿದವರ ಅಂಜಿಕೆಯೂ ನಿಜವಾಗಲಿಲ್ಲ.

ಜೋನ್ಸರ ಅಂಕೆಗಳು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗದಿಂದ ಬಂದವಲ್ಲ, ವೀಕ್ಷಣೆಯಿಂದ ಬಂದವು. ಒತ್ತಡ ಹೆಚ್ಚಿದ್ದವರ ಯಕೃತ್ತೇ ಹೆಚ್ಚು ಕೆಟ್ಟಿದ್ದಿರಬಹುದೆಂಬ ಆಕ್ಷೇಪಕ್ಕೆ ಅವಕಾಶವಿದೆ. ಒತ್ತಡ ಕಡಿಮೆಯಾದುದರಿಂದಲೇ ಮರಣಗಳು ಕಡಿಮೆಯಾದುವೆಂದು ನಾವು ಪ್ರತಿಪಾದಿಸಿದರೆ ಅದು ಅತಿಯಾದೀತು. ರೋಗಿಗಳ ಆಯ್ಕೆ, ಖಂಡಗಳಿಗೆ ಮಿತವಾದ ಛೇದನ, ಶಸ್ತ್ರಕ್ರಿಯೆಯ ನಡುವೆಯೇ ಶಬ್ದಾತೀತ ತರಂಗಗಳಿಂದ ಒಳಗಿನ ನಾಳಗಳನ್ನು ನೋಡುವ ಸೌಕರ್ಯ, ಇವೆಲ್ಲವೂ ಪಾಲುದಾರರೇ. ಈ ಕೊನೆಯದರಲ್ಲಿ ತೋಕಿಯೋದ ಮಕುಉಚಿ ಅವರ ಹೆಸರು ಮೊದಲು ಬರುತ್ತದೆ. ಹದಿನೈದು ನಿಮಿಷ ಮುಂಬಾಗಿಲನ್ನು ಮುಚ್ಚಿ ಐದು ನಿಮಿಷ ತೆರೆಯುವ ಕ್ರಮ ಬೇರೂರಿದುದೂ ಜಪಾನಿನಲ್ಲಿಯೇ. ಅಲ್ಲಿಯ ರೋಗಿಗಳಲ್ಲಿ ಸಿರ್ರೋಸಿಸ್ಸಿನಿಂದ ಗಟ್ಟಿಯಾದ ಯಕೃತ್ತುಳ್ಳವರು ಬಹಳ. ಹ್ಯೂಗೆಯವರ ಒಂದು ಗಂಟೆ ಅಂಥವರಿಗೆ ಸಲ್ಲದು. ಫ್ರಾನ್ಸಿನ ಬೆಲ್‌ಗಿತಿಯವರು 1999ರಲ್ಲಿ 86 ರೋಗಿಗಳನ್ನು ಚೀಟಿಯ ಕ್ರಮದಿಂದ ಎರಡು ಗುಂಪು ಮಾಡಿ ಹೋಲಿಸಿದಾಗ, ಬಿಟ್ಟು ಬಿಟ್ಟು ಮುಚ್ಚುವುದರಿಂದ ಕತ್ತರಿಸುವಾಗಿನ ರಕ್ತನಷ್ಟ ತುಸು ಹೆಚ್ಚಾದರೂ ಯಕೃತ್ತಿಗೆ ಆಗುವ ಹಾನಿ ಕಡಿಮೆಯೆಂದು ಕಂಡುಬಂದಿತು.

ಉಪಕರಣಗಳ ವಿಷಯದಲ್ಲಿ ನಮ್ಮ ಸಂಶಯಕ್ಕೆ ಆಧಾರ ಜೂರಿಚ್ಚಿನ ಪ್ರಯೋಗ. 1980ರ ದಶಕದಿಂದ ಶಬ್ದಾತೀತ ಕಂಪನದಿಂದ ಮಾಂಸವನ್ನು ಕರಗಿಸುವ ಯಂತ್ರ, ನೀರಿನ ಧಾರೆಯಿಂದ ಕೊಯ್ಯುವ ಯಂತ್ರ, ವಿದ್ಯುತ್ತಿನಿಂದ ಬೆಸೆಯುವ ಯಂತ್ರ, ಹೀಗೆ ಹಲವು ಬಂದುವು. ಬೆಲೆಯೂ ಅದಕ್ಕೆ ತಕ್ಕಂತೆ. 2005ರಲ್ಲಿ ಲೆಸುರ್ತೆಲ್ ಮತ್ತು ಸಹೋದ್ಯೋಗಿಗಳು ನೂರು ರೋಗಿಗಳನ್ನು ನಾಲ್ಕು ಗುಂಪು ಮಾಡಿ, ಈ ಮೂರು ಯಂತ್ರಗಳನ್ನು ಸಾಮಾನ್ಯ ಚಿಮುಟದಿಂದ ಹಿಸುಕಿ ಒಡೆಯುವ ಹಳೆಯ ಕ್ರಮದೊಡನೆ ಹೋಲಿಸಿದರು. ವೇಗದಲ್ಲಿಯೂ ರಕ್ತದ ಉಳಿತಾಯದಲ್ಲಿಯೂ ಖರ್ಚಿನಲ್ಲಿಯೂ ಮೇಲಾಗಿ ಕಂಡುದು ಚಿಮುಟವೇ. ಆ ಗುಂಪಿನಲ್ಲಿ ಪ್ರಿಂಗಲ್ ಕ್ರಮವನ್ನೂ ಸೇರಿಸಿದ್ದುದರಿಂದ ಇದು ಯಂತ್ರಯಂತ್ರಗಳ ಶುದ್ಧ ಹೋಲಿಕೆಯಲ್ಲವೆಂದು ಆಕ್ಷೇಪಿಸಬಹುದು, ಆಕ್ಷೇಪ ನ್ಯಾಯವಾದುದೇ. ಆದರೂ ತುಂಗರ ಬೆರಳುಗಳ ಸ್ಥಾನದಲ್ಲಿ ಚಿಮುಟವನ್ನಿಟ್ಟರೆ ಉಳಿದುದೆಲ್ಲವೂ 1963ರ ಲೇಖನದಲ್ಲಿದೆ.

ಔಷಧಗಳ ಮೇಲೆ ಇಟ್ಟಿದ್ದ ಭರವಸೆಯೂ ಇದೇ ರೀತಿ ಪರೀಕ್ಷೆಗೆ ಒಳಗಾಗಿದೆ. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವು ಅಪಘಾತಗಳಲ್ಲಿಯೂ ಬೇರೆ ಶಸ್ತ್ರಕ್ರಿಯೆಗಳಲ್ಲಿಯೂ ಉಪಯುಕ್ತವೆಂದು ಸಿದ್ಧವಾದ ಮೇಲೆ, ಯಕೃತ್ ಛೇದನದಲ್ಲಿಯೂ ಅದನ್ನು ಕೊಡುವುದು ಹಲವೆಡೆ ರೂಢಿಯಾಗಿತ್ತು. 2024ರಲ್ಲಿ ಪ್ರಕಟವಾದ, ಒಂದು ಸಾವಿರದ ಇನ್ನೂರಕ್ಕೂ ಹೆಚ್ಚು ರೋಗಿಗಳ ಒಂದು ಪ್ರಯೋಗದಲ್ಲಿ ಅದರಿಂದ ರಕ್ತಸ್ರಾವವಾಗಲಿ ರಕ್ತಪೂರಣವಾಗಲಿ ಕಡಿಮೆಯಾಗಲಿಲ್ಲ. ಶಸ್ತ್ರಕ್ರಿಯೋತ್ತರ ತೊಡಕುಗಳು ಹೆಚ್ಚಾದುವು. ಸಿರೆಯ ಬಾಯಿ ತೆರೆದು ಹಿಂದಿನಿಂದ ಒತ್ತಡ ಬರುತ್ತಿರುವಾಗ, ಹೆಪ್ಪನ್ನು ಕಾಪಾಡುವ ಔಷಧ ಹೆಚ್ಚೇನನ್ನೂ ಮಾಡಲಾರದೆಂದು ನಾವು ಊಹಿಸಬಹುದು. ಇದು ಊಹೆಯಷ್ಟೆ.

ಇತ್ತೀಚೆಗೆ ಕೆನಡಾದ ನಾಲ್ಕು ಆಸ್ಪತ್ರೆಗಳಲ್ಲಿ ನಡೆದ ಇನ್ನೊಂದು ಪ್ರಯೋಗದ ಫಲವು ಇದಕ್ಕಿಂತ ಕುತೂಹಲಕರವಾದುದು. ಅಲ್ಲಿ ಅರಿವಳಿಕೆಯಾದ ಮೇಲೆ, ಯಕೃತ್ತನ್ನು ಕತ್ತರಿಸುವುದಕ್ಕೆ ಮೊದಲು, ರೋಗಿಯ ದೇಹದಿಂದಲೇ ಪ್ರತಿ ಕಿಲೋಗ್ರಾಮ್ ತೂಕಕ್ಕೆ 7ರಿಂದ 10 ಮಿಲಿಲೀಟರಿನಂತೆ ರಕ್ತವನ್ನು ತೆಗೆದು ಚೀಲದಲ್ಲಿ ಇಟ್ಟುಕೊಳ್ಳಲಾಯಿತು. ಅದರ ಬದಲಿಗೆ ದ್ರವವನ್ನೇನೂ ತುಂಬಲಿಲ್ಲ. ಕೆಲಸ ಮುಗಿದ ಮೇಲೆ ಅದೇ ರಕ್ತವನ್ನು ಅವರಿಗೇ ಮರಳಿಸಲಾಯಿತು. ಹೀಗೆ ಮಾಡಿದವರಲ್ಲಿ ಅನ್ಯರ ರಕ್ತ ಬೇಕಾದವರ ಪ್ರಮಾಣ ನೂರಕ್ಕೆ 8. ಮಾಡದವರಲ್ಲಿ ನೂರಕ್ಕೆ 16. ರಕ್ತ ತೆಗೆಯುವುದಕ್ಕೆ ಬೇಕಾದುದು ರಕ್ತದಾನದಲ್ಲಿ ಬಳಸುವಂತಹ ಸಾಮಾನ್ಯ ಚೀಲ. ಅದನ್ನು ತುಂಬಿಸಿ ಮೇಜಿನ ತಲೆಯ ಕಡೆ, ಪರದೆಯ ಆಚೆ ಇಡುತ್ತಾರೆ.